ಆಂಕಿ ಆ್ಯಪ್: ಮೆಡಿಕಲ್ ಓದುವವರಿಗೆ ಪುಕ್ಕಟೆ ಸಿಗುವ ಒಳ್ಳೆಯ ಸಾಧನ, ಲಗಾಮು ಮಾತ್ರ ನಿಮ್ಮ ಕೈಯಲ್ಲಿರಲಿ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಆ ಒಂದು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅನ್ನುವುದೇ ಇಲ್ಲಿ ಮುಖ್ಯ ವಿಷಯ. ಹಾಗಾಗಿ ಸ್ಟಾರ್ ನೋಡಿದ ತಕ್ಷಣ ಡೌನ್‌ಲೋಡ್ ಮಾಡಲು ಓಡಬೇಡಿ, ಸ್ವಲ್ಪ ಓದಿ.

ನಾನು ಎಂಬಿಬಿಎಸ್ ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಸೆಕೆಂಡ್ ಇಯರ್‌ನಿಂದ ಆಂಕಿ ಬಳಸುತ್ತಿದ್ದೇನೆ, ಈಗ ನೀಟ್ ಪಿಜಿಗೆ ಓದುವಾಗಲೂ ಅದೇ. ಹಾಸ್ಟೆಲ್ ಕಾರಿಡಾರ್‌ನಲ್ಲಿ ಜೂನಿಯರ್‌ಗಳು ನಿಲ್ಲಿಸಿ ಕೇಳುವುದು ಎರಡೇ ಪ್ರಶ್ನೆ. ಹೊಸಬರು ಕೇಳುತ್ತಾರೆ, "ಅಕ್ಕಾ, ಆಂಕಿ ಮಾಡ್ಲೇಬೇಕಾ?" ಆರು ತಿಂಗಳು ಬಿಟ್ಟು ಅವರೇ ಬಂದು ಕೇಳುತ್ತಾರೆ, "ಅಕ್ಕಾ, ಡ್ಯೂ (ಓದಲು ಬಾಕಿ ಇರುವ ಕಾರ್ಡ್) ಸಾವಿರ ದಾಟಿದೆ, ಈಗ ಏನ್ ಮಾಡ್ಲಿ?" ಎರಡಕ್ಕೂ ಒಟ್ಟಿಗೇ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ಫ್ಲ್ಯಾಶ್‌ಕಾರ್ಡ್ ಆ್ಯಪ್. ಮುಂದೆ ಪ್ರಶ್ನೆ, ಹಿಂದೆ ಉತ್ತರ. ನೀವು ಮನಸ್ಸಲ್ಲೇ ಉತ್ತರ ಹೇಳಿಕೊಂಡು ಕಾರ್ಡ್ ತಿರುಗಿಸಬೇಕು, ಆಮೇಲೆ ಕೆಳಗಿರುವ ನಾಲ್ಕು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು: ಅಗೇನ್, ಹಾರ್ಡ್, ಗುಡ್, ಈಜಿ. ಸರಿಯಾಗಿ ನೆನಪಾದ ಕಾರ್ಡ್ ಕೆಲವು ದಿನ ಬಿಟ್ಟು ಬರುತ್ತದೆ, ಆಗಲೂ ನೆನಪಿದ್ದರೆ ಕೆಲವು ವಾರ ಬಿಟ್ಟು, ಆಮೇಲೆ ಕೆಲವು ತಿಂಗಳು ಬಿಟ್ಟು. ಮರೆತರೆ ಮತ್ತೆ ಹತ್ತಿರಕ್ಕೆ ಬರುತ್ತದೆ. ಯಾವುದನ್ನು ಯಾವತ್ತು ಓದಬೇಕು ಅನ್ನುವ ಲೆಕ್ಕ ನಿಮ್ಮ ತಲೆಯಿಂದ ಇಳಿದು ಆ್ಯಪ್ ತಲೆಗೆ ಹೋಗುತ್ತದೆ, ಅಷ್ಟೇ. ಡೇಮಿಯನ್ ಎಲ್ಮ್ಸ್ ಅನ್ನುವ ಆಸ್ಟ್ರೇಲಿಯಾದವರು 2006ರಲ್ಲಿ ಇದನ್ನು ಹೊರತಂದರು. ನೋಡೋಕೆ ಇವತ್ತಿಗೂ 2006ರ ಸಾಫ್ಟ್‌ವೇರ್ ತರಾನೇ ಇದೆ, ಅದು ಬೇರೆ ಮಾತು.

ಇದು ಕೆಲಸ ಮಾಡುತ್ತಾ? ಮಾಡುತ್ತದೆ. ಯಾಕೆ ಅನ್ನುವುದಕ್ಕೆ ಒಳ್ಳೆಯ ಕಾರಣಗಳೂ ಇವೆ. ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅನ್ನುವುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಪ್ರಕಟಿಸಿದ್ದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಆದರೆ ವಾರ ಬಿಟ್ಟು ಕೊಟ್ಟಾಗ ಪುಸ್ತಕ ಮುಚ್ಚಿ ಬರೆದವರು ಮುಂದೆ. ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿಯೆಲ್ಲ ಓದಿ ಇಂಟರ್ನಲ್ಸ್‌ನಲ್ಲಿ ಜೋರಾಗಿ ಬರೆದು, ತಿಂಗಳ ನಂತರ ಯೂನಿವರ್ಸಿಟಿ ಪರೀಕ್ಷೆಗೆ ಅದೇ ಚಾಪ್ಟರ್ ತೆಗೆದಾಗ "ಇದನ್ನ ನಾನು ಓದಿದ್ನಾ?" ಅನ್ನುವವರು ಎಷ್ಟು ಜನ ಇಲ್ಲ ಹೇಳಿ. ಓದುವ ವಿಧಾನಗಳನ್ನೆಲ್ಲ ತೂಗಿ ನೋಡಿದ ಡನ್‌ಲೋಸ್ಕಿ ಮತ್ತು ಸಂಗಡಿಗರ 2013ರ ಲೇಖನದಲ್ಲಿ ಹೈಲೈಟರ್ ಹಾಕುವುದು, ಸುಮ್ನೆ ಮತ್ತೆ ಓದುವುದು ಎರಡೂ ತಳದಲ್ಲಿವೆ. ನಮ್ಮನ್ನೇ ನಾವು ಪ್ರಶ್ನೆ ಕೇಳಿಕೊಳ್ಳುವುದು ಮತ್ತು ದಿನಗಳ ಅಂತರ ಬಿಟ್ಟು ಓದುವುದು ಮೇಲಿವೆ. ಆಂಕಿ ಮಾಡುವುದು ಈ ಎರಡನ್ನೇ. ಫಾರ್ಮಕಾಲಜಿ ಪುಸ್ತಕಕ್ಕೆ ಐದು ಬಣ್ಣ ಬಳಿಯುವುದು ನಿಮಗೆ ಖುಷಿ ಕೊಟ್ಟರೆ ಬಳಿಯಿರಿ, ನನ್ನದೇನೂ ತಕರಾರಿಲ್ಲ. ಅದನ್ನು ಓದು ಅಂತ ಮಾತ್ರ ಕರೆಯಬೇಡಿ.

ದುಡ್ಡಿನ ವಿಷಯ. ಕಂಪ್ಯೂಟರ್‌ಗೆ ಪುಕ್ಕಟೆ. ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಅಂತ ಬೇರೆ ಸ್ವಯಂಸೇವಕರು ಸೇರಿ ಮಾಡಿದ್ದು, ಅದೂ ಪುಕ್ಕಟೆ, ಜಾಹೀರಾತೂ ಇಲ್ಲ. ಫೋನು ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ಕಾರ್ಡ್‌ಗಳು ಇರುವಂತೆ ಮಾಡುವ ಆಂಕಿವೆಬ್ ಖಾತೆಗೂ ಕಾಸಿಲ್ಲ. ಐಫೋನ್‌ನವರಿಗೆ ಮಾತ್ರ ಸುಮಾರು 25 ಡಾಲರ್, ಅದೂ ಒಂದೇ ಸಲ. ಜಾಸ್ತಿ ಅನ್ನಿಸಿದರೆ ಐಫೋನ್ ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆದು ಓದಬಹುದು, ಸ್ವಲ್ಪ ಒರಟಾಗಿದೆ ಆದರೆ ನಡೆಯುತ್ತದೆ. ಒಂದು ಎಚ್ಚರಿಕೆ: ಆ್ಯಪ್ ಸ್ಟೋರ್‌ಗಳಲ್ಲಿ ಇದೇ ಹೆಸರು ಸೇರಿಸಿಕೊಂಡು ತಿಂಗಳ ಚಂದಾ ಕೇಳುವ ಬೇರೆ ಆ್ಯಪ್‌ಗಳಿವೆ. ಐಫೋನ್‌ಗೆ ಬೇಕಾದದ್ದು ಆಂಕಿಮೊಬೈಲ್, ಆಂಡ್ರಾಯ್ಡ್‌ಗೆ ಆಂಕಿಡ್ರಾಯ್ಡ್. ಬೇರೆ ಯಾವುದೂ ಇದಲ್ಲ.

ಈಗ ನನಗೆ ಇದರಲ್ಲಿ ತುಂಬಾ ಹಿಡಿಸಿದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಇದರ ನೆನಪಿನ ಶಕ್ತಿ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಬೇರೆ. ದಿನದ ಕಾರ್ಡ್‌ಗಳು ಮುಗಿದ ಮೇಲೆ ಆ್ಯಪ್ "ಅಭಿನಂದನೆಗಳು, ಸದ್ಯಕ್ಕೆ ಈ ಡೆಕ್ (ಕಾರ್ಡ್ ಕಟ್ಟು) ಮುಗಿಯಿತು" ಅಂತ ಹೇಳುತ್ತದೆ. ಅಷ್ಟೇ. ಮೆಡಿಕಲ್ ಓದಿನಲ್ಲಿ "ಇವತ್ತಿಗೆ ಸಾಕು" ಅಂತ ಹೇಳುವವರು ಬೇರೆ ಯಾರಾದರೂ ಇದ್ದಾರಾ? ಪುಸ್ತಕ ಹೇಳುವುದಿಲ್ಲ, ಸಿಲೆಬಸ್ ಹೇಳುವುದಿಲ್ಲ, ಹೆಚ್ಒಡಿ ಅಂತೂ ಹೇಳುವುದೇ ಇಲ್ಲ. ಫಸ್ಟ್ ಇಯರ್ ಬಂದ ತಕ್ಷಣ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಪಿಯುಸಿಯಲ್ಲಿ ಪುಸ್ತಕದ ಕೊನೆಯ ಪುಟ ಮುಟ್ಟಿ ಅಭ್ಯಾಸ ಇದ್ದವರಿಗೆ ಇಲ್ಲಿ ಕೊನೆಯ ಪುಟವೇ ಕಾಣುವುದಿಲ್ಲ. ಊಟ ಮಾಡುವಾಗ ಓದುತ್ತಿಲ್ಲವಲ್ಲ ಅನ್ನುವ ಅಪರಾಧಿ ಭಾವ, ಮಲಗುವಾಗ ಪಕ್ಕದ ರೂಮಿನ ಲೈಟ್ ಉರಿಯುತ್ತಿದೆಯಲ್ಲ ಅನ್ನುವ ಭಯ, ಹಬ್ಬಕ್ಕೆ ಊರಿಗೆ ಹೋದರೂ ಬ್ಯಾಗಲ್ಲಿ ತೆರೆಯದ ಪ್ಯಾಥಾಲಜಿ. ಜನ ಸುಸ್ತಾಗುವುದು ಓದಿನ ಗಂಟೆಗಳಿಂದ ಮಾತ್ರ ಅಲ್ಲ, ಯಾವತ್ತೂ ಮುಗಿಯದ ಓದಿನಿಂದ. ಇವತ್ತಿನ ಪಾಲು ಇಷ್ಟೇ ಅಂತ ಗೆರೆ ಎಳೆದು, ಗೆರೆ ದಾಟಿದ ಮೇಲೆ ನೀವು ಷಟಲ್ ಆಡಿದರೂ ತಪ್ಪಿಲ್ಲ ಅಂತ ಅನುಮತಿ ಕೊಡುತ್ತದಲ್ಲ ಈ ಆ್ಯಪ್, ನಾನು ಕೊಟ್ಟ ನಾಲ್ಕರಲ್ಲಿ ಮೂರು ಸ್ಟಾರ್ ಅದಕ್ಕೇ.

ಆದರೆ. ಈ ಗೆರೆ ಎಲ್ಲಿರಬೇಕು ಅಂತ ನೀವು ಸೆಟ್ಟಿಂಗ್ಸ್‌ನಲ್ಲಿ ಸರಿಯಾಗಿ ಹೇಳದಿದ್ದರೆ ಇದೇ ಆ್ಯಪ್ ನಿಮ್ಮನ್ನು ಹಣ್ಣುಗಾಯಿ ಮಾಡಿಬಿಡುತ್ತದೆ. ಉತ್ಸಾಹದಲ್ಲಿ ಮೊದಲ ವಾರ ದಿನಕ್ಕೆ 100 ಹೊಸ ಕಾರ್ಡ್ ಹಾಕುತ್ತಾರೆ. ಮೊದಲ ವಾರ ಏನೂ ಕಷ್ಟ ಇಲ್ಲ, ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಕೂಡ ಹಾಕುತ್ತಾರೆ. ಮೂರನೇ ವಾರಕ್ಕೆ ಹಳೆಯವು ವಾಪಸ್ ಬರಲು ಶುರು. ಅಷ್ಟರಲ್ಲಿ ಇಂಟರ್ನಲ್ಸ್ ಬರುತ್ತದೆ, ನಾಲ್ಕು ದಿನ ಆ್ಯಪ್ ತೆರೆಯುವುದಿಲ್ಲ, ಆಮೇಲೆ ತೆರೆದರೆ ಡ್ಯೂ ಸಂಖ್ಯೆ ಮೀಟರ್ ಬಡ್ಡಿ ತರ ಬೆಳೆದು ಕೂತಿರುತ್ತದೆ. ಅದನ್ನು ನೋಡಿದ ಮೇಲೆ ಐದನೇ ದಿನವೂ ತೆರೆಯುವ ಧೈರ್ಯ ಬರುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಆಂಕಿ ಸರಿ ಇಲ್ಲ ಅನ್ನುವ ನಮ್ಮ ಬ್ಯಾಚ್‌ನವರಲ್ಲಿ ಮುಕ್ಕಾಲು ಪಾಲು ಜನ ಬಿಟ್ಟಿದ್ದು ಹೀಗೇ. ಹೊಸ ಕಾರ್ಡ್ ಹಾಕುವುದು ಇವತ್ತಿನ ಕೆಲಸ ಅಲ್ಲ, ಮುಂದಿನ ಆರು ತಿಂಗಳಿಗೆ ಸಹಿ ಹಾಕಿಕೊಡುವ ಕೆಲಸ. ಇದನ್ನು ಆ್ಯಪ್ ಮೊದಲ ದಿನವೇ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ಹೇಳುವುದಿಲ್ಲ. ಒಂದು ಸ್ಟಾರ್ ಹೋಗಿದ್ದು ಅಲ್ಲೇ.

ಲೆಕ್ಕ ಸರಳ. ದಿನಕ್ಕೆ ಎಷ್ಟು ಹೊಸ ಕಾರ್ಡೋ, ಅದರ ಸುಮಾರು ಹತ್ತು ಪಟ್ಟು ರಿವ್ಯೂ (ಮತ್ತೆ ಬರುವ ಹಳೆಯ ಕಾರ್ಡ್) ದಿನಾ ಬರಬಹುದು ಅಂತ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ಮೊದಲೇ ಇರುವ ಮಿತಿ 20 ಹೊಸದು, 200 ರಿವ್ಯೂ. ಒಂದು ಕಾರ್ಡಿಗೆ 10 ಸೆಕೆಂಡ್ ಅಂದರೂ 200 ಕಾರ್ಡಿಗೆ ಅರ್ಧ ಗಂಟೆ ಮೇಲೆ ಸ್ವಲ್ಪ. ಬೆಳಗ್ಗೆ ಮೆಸ್‌ನಲ್ಲಿ ಇಡ್ಲಿಗೆ ಕ್ಯೂ ನಿಂತಾಗ ಸ್ವಲ್ಪ, ಒಪಿಡಿ ಶುರುವಾಗುವ ಮುಂಚೆ ಸ್ವಲ್ಪ, ಬಸ್ಸಲ್ಲಿ ಸ್ವಲ್ಪ ಅಂತ ಅಷ್ಟು ಮುಗಿಯುತ್ತದೆ. ದಿನಕ್ಕೆ 100 ಹೊಸದು ಅಂದರೆ ಇದೇ ಲೆಕ್ಕದಲ್ಲಿ 1,000 ರಿವ್ಯೂ, ಹತ್ತಿರ ಹತ್ತಿರ ಮೂರು ಗಂಟೆ, ದಿನಾ. ಕ್ಲಾಸು, ಪೋಸ್ಟಿಂಗು (ವಾರ್ಡ್ ಡ್ಯೂಟಿ), ರೆಕಾರ್ಡ್ ಬರೆಯುವುದು ಎಲ್ಲ ಮುಗಿಸಿ ಮೂರು ಗಂಟೆ ಎಲ್ಲಿಂದ ತರುತ್ತೀರಿ? ನಿದ್ದೆಯಿಂದ ತರುತ್ತೀರಿ. ಓದಿದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ ಅಂತ ಫಿಸಿಯಾಲಜಿಯಲ್ಲಿ ಓದಿದವರೇ ನಾವು!

ಸೆಟ್ಟಿಂಗ್ಸ್ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಕೆಲವನ್ನು ಮುಟ್ಟಲೇಬೇಕು. ಎಫ್‌ಎಸ್‌ಆರ್‌ಎಸ್ ಅಂತ ಒಂದು ಸ್ವಿಚ್ ಇದೆ, 2023ರ ಕೊನೆಯಲ್ಲಿ ಬಂದದ್ದು. ಅದಕ್ಕೂ ಮುಂಚೆ ಇದ್ದದ್ದು 80ರ ದಶಕದ ಸೂತ್ರದಿಂದ ಬಂದ ಲೆಕ್ಕ. ಈ ಹೊಸ ಲೆಕ್ಕ, ನೀವು ಎಷ್ಟು ಮರೆಯುತ್ತೀರಿ ಅನ್ನುವುದನ್ನು ನಿಮ್ಮ ಹಳೆಯ ಉತ್ತರಗಳಿಂದಲೇ ಕಲಿತು ಅಂತರ ಹಾಕುತ್ತದೆ. ಆನ್ ಮಾಡಿ. ಅದರ ಪಕ್ಕದಲ್ಲೇ ಎಷ್ಟು ಶೇಕಡಾ ನೆನಪಿರಬೇಕು ಅಂತ ಕೇಳುವ ಜಾಗ ಇದೆ, ಮೊದಲೇ 90 ಅಂತ ಇರುತ್ತದೆ. ಅದನ್ನು 97ಕ್ಕೆ ಏರಿಸುವವರನ್ನು ನೋಡಿದ್ದೇನೆ. ಟಾಪರ್ ಆಗುವ ಆಸೆ, ಅರ್ಥವಾಗುತ್ತದೆ. ಆದರೆ ಆ ಕೊನೆಯ ಏಳು ಅಂಕಿಗೆ ನೀವು ಕೊಡುವ ಸಮಯ ವಿಪರೀತ. ಹತ್ತರಲ್ಲಿ ಒಂದು ಮರೆತರೆ ಪ್ರಪಂಚ ಮುಳುಗುವುದಿಲ್ಲ, 90ರಲ್ಲೇ ಬಿಡಿ, ಕೆಲಸ ಹೆಚ್ಚಾದ ತಿಂಗಳಲ್ಲಿ 85ಕ್ಕೆ ಇಳಿಸಿದರೂ ಏನೂ ಆಗುವುದಿಲ್ಲ.

ಹಾರ್ಡ್ ಬಟನ್ ಬಗ್ಗೆ ಒಂದು ಮಾತು. ಉತ್ತರ ಮರೆತಿದ್ದೀರಿ, ಆದರೆ ಅಗೇನ್ ಒತ್ತಲು ಮನಸ್ಸಿಲ್ಲ, ಮರ್ಯಾದೆಗೆ ಹಾರ್ಡ್ ಒತ್ತುತ್ತೀರಿ. ಇದನ್ನು ಮಾಡಬೇಡಿ. ಹಾರ್ಡ್ ಅಂದರೆ "ಕಷ್ಟಪಟ್ಟೆ, ಆದರೆ ನೆನಪಾಯಿತು" ಅಂತಲೇ ಆ್ಯಪ್ ತಿಳಿಯುತ್ತದೆ, ಅದರ ಲೆಕ್ಕವೆಲ್ಲ ಕೆಡುತ್ತದೆ. ನೋಡುವವರು ಯಾರೂ ಇಲ್ಲ, ಮರೆತಿದ್ದರೆ ಅಗೇನ್ ಒತ್ತಿ. ಎಂಟು ಸಲ ಮರೆತ ಕಾರ್ಡನ್ನು ಆ್ಯಪ್ ತಾನಾಗಿಯೇ ಲೀಚ್ (ಜಿಗಣೆ) ಅಂತ ಗುರುತು ಹಾಕುತ್ತದೆ. ಅಂಥ ಕಾರ್ಡ್ ಸಿಕ್ಕರೆ ನಿಮ್ಮ ಮೆದುಳನ್ನು ಬೈಯುವುದಕ್ಕಿಂತ ಕಾರ್ಡನ್ನು ಒಡೆದು ಬೇರೆ ಬರೆಯುವುದು ಒಳ್ಳೆಯದು. ವಾರದ ಯಾವ ದಿನ ಕಡಿಮೆ ಕಾರ್ಡ್ ಬರಬೇಕು ಅಂತ ಹೇಳುವ ಈಜಿ ಡೇಸ್ ಅನ್ನುವ ಸೌಲಭ್ಯವೂ ಈಗ ಇದೆ. ನನ್ನ ಭಾನುವಾರ ಆದಷ್ಟು ಖಾಲಿ. ಅವತ್ತು ಬಟ್ಟೆ ಒಗೆಯಬೇಕು, ಅಮ್ಮನ ಜೊತೆ ಮಾತಾಡಬೇಕು.

ಕಾರ್ಡ್ ಬರೆಯುವುದು ಒಂದು ಕಲೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊಸಬರು ಮಾಡುವುದು ಏನು ಅಂದರೆ, "ಕ್ಷಯರೋಗದ ಔಷಧಿಗಳ ಅಡ್ಡಪರಿಣಾಮ ಬರೆಯಿರಿ" ಅಂತ ಮುಂದೆ, ಹಿಂದೆ ಇಡೀ ಪುಟ. ಅದು ಕಾರ್ಡ್ ಅಲ್ಲ, ಶಿಕ್ಷೆ. ಅದನ್ನೇ ಒಡೆಯಿರಿ. ಐಸೋನಿಯಾಜಿಡ್‌ನಿಂದ ಕೈಕಾಲು ಜೋಮು ಬರುವುದನ್ನು ತಡೆಯಲು ಯಾವ ವಿಟಮಿನ್? ಪಿರಿಡಾಕ್ಸಿನ್. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುವುದು ಯಾವುದು? ರಿಫಾಂಪಿಸಿನ್. ಯೂರಿಕ್ ಆಸಿಡ್ ಏರಿಸುವುದು? ಪೈರಜಿನಮೈಡ್. ಕಣ್ಣಿನ ನರಕ್ಕೆ ತೊಂದರೆ ಕೊಟ್ಟು ಕೆಂಪು ಹಸಿರು ಗುರುತಿಸಲು ಕಷ್ಟ ಮಾಡುವುದು? ಎಥಾಂಬ್ಯುಟಾಲ್. ನಾಲ್ಕು ಕಾರ್ಡ್, ನಾಲ್ಕಕ್ಕೂ ಒಂದೊಂದು ಪದದ ಉತ್ತರ. ಆಮೇಲೆ ಐದನೆಯದು ಬೇಕು, ಅದು ಯಾಕೆ ಅಂತ ಕೇಳುವ ಕಾರ್ಡ್: ಐಸೋನಿಯಾಜಿಡ್‌ಗೂ ಪಿರಿಡಾಕ್ಸಿನ್‌ಗೂ ಏನು ಸಂಬಂಧ? ಈ ಐದನೆಯದನ್ನು ಬರೆಯಲು ಬರದಿದ್ದರೆ ನೀವು ಪಾಠ ಇನ್ನೂ ಓದಿಲ್ಲ ಅಂತಲೇ ಅರ್ಥ. ವಾಪಸ್ ಪುಸ್ತಕಕ್ಕೆ ಹೋಗಿ. ಅರ್ಥವಾಗದ್ದನ್ನು ಕಾರ್ಡ್ ಮಾಡಿದರೆ ಅರ್ಥವಾಗದ್ದೇ ಬಾಯಿಪಾಠ ಆಗುತ್ತದೆ.

ಅನಾಟಮಿಗೆ ಇಮೇಜ್ ಆಕ್ಲೂಷನ್ ಅಂತ ಒಂದು ಸೌಲಭ್ಯ ಇದೆ, ಚಿತ್ರದ ಹೆಸರುಗಳ ಮೇಲೆ ಪಟ್ಟಿ ಅಂಟಿಸಿ ಒಂದೊಂದೇ ಕೇಳುವುದು. ಬ್ರೇಕಿಯಲ್ ಪ್ಲೆಕ್ಸಸ್‌ಗೆ ಇದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ. ನಿಮ್ಮ ಕೈಯಾರೆ ಬಿಡಿಸಿದ ಚಿತ್ರದ ಫೋಟೋ ತೆಗೆದು ಅದರ ಮೇಲೆ ಪಟ್ಟಿ ಹಾಕಿದರೆ ಇನ್ನೂ ಒಳ್ಳೆಯದು. ಹಿಸ್ಟಾಲಜಿ ಸ್ಲೈಡ್‌ಗೂ ನಡೆಯುತ್ತದೆ.

ರೆಡಿಮೇಡ್ ಡೆಕ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಸರುವಾಸಿಯಾದದ್ದು ಆಂಕಿಂಗ್ ಡೆಕ್, 30,000 ಮೀರಿ ಕಾರ್ಡ್‌ಗಳಿವೆ, ಕೆಲಸ ನಿಜವಾಗಲೂ ಚೆನ್ನಾಗಿದೆ. ಆದರೆ ಅದು ಅಮೆರಿಕದ ಯುಎಸ್‌ಎಂಎಲ್‌ಇ ಪರೀಕ್ಷೆಗೆ (ಅಲ್ಲಿ ಡಾಕ್ಟರ್ ಲೈಸೆನ್ಸ್ ಪಡೆಯುವ ಪರೀಕ್ಷೆ) ಮಾಡಿದ್ದು. ಅಲ್ಲಿ ಕ್ಷಯಕ್ಕೆ ಸಾಮಾನ್ಯವಾಗಿ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಎರಡು ಔಷಧಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆ ನಾಲ್ಕು ತಿಂಗಳಿಗೂ ಎಥಾಂಬ್ಯುಟಾಲ್ ಸೇರಿ ಮೂರು. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆ) ಅಮೆರಿಕದ ಉತ್ತರ ಹೇಳಿ ನೋಡಿ, ಎಕ್ಸಾಮಿನರ್ ಮುಖ ಹೇಗಾಗುತ್ತದೆ ಅಂತ. ನಮ್ಮ ಕ್ಯಾಶುವಾಲ್ಟಿಗೆ ಬರುವ ಹಾವು ಕಡಿತ ನೋಡಿ: ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೇ ನಮ್ಮ ಆಂಟಿವೀನಮ್. ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬಂದವರಿಗೆ ಕೊಡುವ ಅಟ್ರೋಪಿನ್ ಲೆಕ್ಕ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ, ಅದನ್ನು ಹರಡುವ ಉಣ್ಣಿ ಹುಳದ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇವುಗಳಿಗೆಲ್ಲ ಕಾರ್ಡ್ ನೀವೇ ಬರೆದುಕೊಳ್ಳಬೇಕು. ಕಮ್ಯುನಿಟಿ ಮೆಡಿಸಿನ್ ಅಂತೂ ಪೂರ್ತಿ ನಿಮ್ಮದೇ.

ಇನ್ನೊಂದು ಕಡೆ, ಸೀನಿಯರ್‌ಗಳಿಂದ ಕೈ ಬದಲಾಗಿ ಬರುವ ದೇಸಿ ಡೆಕ್‌ಗಳು. ಅವುಗಳಲ್ಲಿ ಫೊರೆನ್ಸಿಕ್ (ಕಾನೂನಿಗೆ ಸಂಬಂಧಿಸಿದ ವೈದ್ಯಶಾಸ್ತ್ರ) ಕಾರ್ಡ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುವ 302 ಈಗ 103. ನಿರ್ಲಕ್ಷ್ಯದಿಂದ ಸಾವು ಅಂತ ಡಾಕ್ಟರ್‌ಗಳೆಲ್ಲ ಹೆದರುವ 304ಎ ಈಗ 106. ತೀವ್ರ ಗಾಯ ಅಂದರೆ ಯಾವುದು ಅಂತ ಹೇಳುವ 320 ಈಗ 116. ಹಳೆಯ ಡೆಕ್‌ನಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇರುತ್ತವೆ. ಆ್ಯಪ್‌ಗೆ ಕಾನೂನು ಬದಲಾಗಿದ್ದು ಗೊತ್ತಾಗುವುದಿಲ್ಲ. ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ನಿಮಗೆ ಬಾಯಿಪಾಠ ಮಾಡಿಸುತ್ತದೆ.

ಆಂಕಿ ಎಲ್ಲಿ ಉಪಯೋಗಕ್ಕೆ ಬರುವುದಿಲ್ಲ? ತುಂಬಾ ಕಡೆ. ರಾಜೀವ್ ಗಾಂಧಿ ಯೂನಿವರ್ಸಿಟಿಯ ಥಿಯರಿ ಪೇಪರ್‌ನಲ್ಲಿ 10 ಅಂಕದ ಲಾಂಗ್ ಎಸ್ಸೇ ಬರೆಯಬೇಕು, 5 ಅಂಕದ ಶಾರ್ಟ್ ಎಸ್ಸೇ ಬರೆಯಬೇಕು. ಒಂದೊಂದು ಪದದ ಉತ್ತರ ಎಷ್ಟು ಗೊತ್ತಿದ್ದರೂ ಅದನ್ನೆಲ್ಲ ಜೋಡಿಸಿ, ಹೆಡ್ಡಿಂಗ್ ಹಾಕಿ, ಫ್ಲೋ ಚಾರ್ಟ್ ಬಿಡಿಸಿ, ಟೈಮ್ ಒಳಗೆ ಮುಗಿಸುವುದು ಬೇರೆಯದೇ ವಿದ್ಯೆ. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೆನ್ನು ಹಿಡಿದು ಬರೆಯಲೇಬೇಕು. ವೈವಾಗೆ ಬಾಯಿಬಿಟ್ಟು ಮಾತಾಡಿ ಅಭ್ಯಾಸ ಮಾಡಬೇಕು. ರೂಮ್‌ಮೇಟ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಗೋಡೆ ಇದೆ. ಕೇಸ್ ಪ್ರೆಸೆಂಟೇಷನ್, ಎದೆಗೆ ಸ್ಟೆತ್ ಇಟ್ಟು ಮರ್ಮರ್ ಕೇಳಿಸಿಕೊಳ್ಳುವುದು, ಹೊಟ್ಟೆ ಮುಟ್ಟಿ ಸ್ಪ್ಲೀನ್ ಹುಡುಕುವುದು, ಇದೆಲ್ಲ ವಾರ್ಡ್‌ನಲ್ಲೇ ಬರಬೇಕು. ಪೋಸ್ಟಿಂಗ್ ಸಮಯದಲ್ಲಿ ಮೂಲೆಯಲ್ಲಿ ನಿಂತು ಫೋನಲ್ಲಿ ಕಾರ್ಡ್ ತಿರುಗಿಸುವವರಿದ್ದಾರೆ. ಅಲ್ಲೇ ಎರಡಡಿ ದೂರದಲ್ಲಿ ಅದೇ ಕಾಯಿಲೆಯ ಪೇಷೆಂಟ್ ಮಲಗಿರುತ್ತಾರೆ! ಮೊದಲು ಹೋಗಿ ಅವರನ್ನು ಮಾತಾಡಿಸಿ. ಕಾರ್ಡ್ ರಾತ್ರಿ ಬರೆಯಬಹುದು, ಆಗ ಆ ಮುಖದ ಜೊತೆಗೇ ಕಾಯಿಲೆಯೂ ನೆನಪಿರುತ್ತದೆ.

ಮಾತಾಡಿಸುವುದು ಅಂದಾಗ ನೆನಪಾಯಿತು, ಆಂಕಿಯಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ, ಯಾವ ತೊಂದರೆಯೂ ಇಲ್ಲ. ಆಲ್ ಇಂಡಿಯಾ ಕೋಟಾದಲ್ಲಿ ಬಂದ, ಕನ್ನಡ ಬಾರದ ನಮ್ಮ ಬ್ಯಾಚ್‌ನ ಗೆಳತಿ ಒಬ್ಬಳು ಹಿಸ್ಟರಿ ತೆಗೆಯುವ (ಪೇಷೆಂಟ್ ಹತ್ತಿರ ಕಾಯಿಲೆಯ ವಿವರ ಕೇಳುವ) ಕನ್ನಡಕ್ಕೇ ಒಂದು ಡೆಕ್ ಮಾಡಿಕೊಂಡಿದ್ದಳು. ದಮ್ಮು, ಎದೆ ಉರಿ, ತಲೆ ಸುತ್ತು, ಉರಿಮೂತ್ರ, ಮುಟ್ಟು ನಿಂತು ಎಷ್ಟು ದಿನ ಆಯಿತು. ಪೋಸ್ಟಿಂಗ್‌ನಲ್ಲಿ ಬಿಜಾಪುರ ಕಡೆಯ ಅಜ್ಜಿ "ಭಾಳ ತ್ರಾಸ್ ಆಗಾಕತ್ತೈತ್ರಿ" ಅಂದಾಗ ಅವಳು ತಿರುಗಿ "ಎಲ್ಲಿ ತ್ರಾಸ್ ಅಜ್ಜಿ?" ಅಂತ ಕೇಳಿದ್ದು ನೋಡಿ ನಾವೆಲ್ಲ ದಂಗು. ನಮ್ಮಂಥ ಕನ್ನಡ ಮೀಡಿಯಂನಿಂದ ಬಂದವರಿಗೂ ಒಂದು ಸಲಹೆ: ಫಸ್ಟ್ ಇಯರ್‌ನಲ್ಲಿ ಉತ್ತರದ ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಯಾರಿಗೂ ತೋರಿಸಬೇಕಿಲ್ಲ. ನೆಫ್ರಾನ್ ಹೇಗೆ ಕೆಲಸ ಮಾಡುತ್ತದೆ ಅಂತ ನಿಮ್ಮ ಭಾಷೆಯಲ್ಲಿ ಎರಡು ಸಾಲು ಬರೆಯಲು ಬಂದರೆ ಇಂಗ್ಲಿಷ್ ಉತ್ತರ ಹಿಂದೆಯೇ ಬರುತ್ತದೆ.

ಈಗ ಬರ್ನ್‌ಔಟ್ ವಿಷಯ ಸ್ವಲ್ಪ ಗಂಭೀರವಾಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ರೋಗಗಳ ಪಟ್ಟಿಯಲ್ಲಿ ವಿವರಿಸಿತು, ಆದರೆ ರೋಗ ಅಂತ ಅಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತ. ಮೂರು ಲಕ್ಷಣ ಹೇಳುತ್ತಾರೆ: ಶಕ್ತಿಯೆಲ್ಲ ಬಸಿದುಹೋಗುವುದು, ಮಾಡುವ ಕೆಲಸದ ಮೇಲೇ ಬೇಸರ ತಾತ್ಸಾರ ಬರುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಮೂರನೆಯದನ್ನು ಆಂಕಿ ಸ್ವಲ್ಪ ಕಡಿಮೆ ಮಾಡಬಹುದು, ಯಾಕೆಂದರೆ ತಿಂಗಳ ಹಿಂದೆ ಓದಿದ್ದು ಇವತ್ತು ನೆನಪಾದಾಗ ಸಿಗುವ ಧೈರ್ಯ ನಿಜವಾದದ್ದು. ಮೊದಲ ಎರಡಕ್ಕೆ ಯಾವ ಆ್ಯಪ್‌ನಲ್ಲೂ ಮದ್ದಿಲ್ಲ. 30 ಗಂಟೆ ಡ್ಯೂಟಿ ಮಾಡಿ ಬಂದವರಿಗೆ ಬೇಕಾದದ್ದು ಹಾಸಿಗೆ. ರೌಂಡ್ಸ್‌ನಲ್ಲಿ ಎಲ್ಲರ ಮುಂದೆ ಬೈಸಿಕೊಂಡು ಬಂದವರಿಗೆ ಬೇಕಾದದ್ದು ಜೊತೆಗೆ ಕೂತು ಟೀ ಕುಡಿಯುವ ಒಬ್ಬ ಮನುಷ್ಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯಲ್ಲಿ, ಸಮೀಕ್ಷೆಗೆ ಉತ್ತರಿಸಿದ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ 27.8 ಶೇಕಡಾ ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂದಿದ್ದರು. ನಾಲ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಡಿಸೆಕ್ಷನ್ ಟೇಬಲ್ ಸುತ್ತ ನಿಂತವರನ್ನು ಎಣಿಸಿಕೊಳ್ಳಿ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದನ್ನು ಓದಿನ ಟೈಮ್‌ಟೇಬಲ್ ಬದಲಾಯಿಸಿ ಸರಿಮಾಡಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎಷ್ಟು ಹೊತ್ತಿಗಾದರೂ. ನಾವು ಪೇಷೆಂಟ್‌ಗೆ ಹೇಳುವ ಮಾತನ್ನು ನಮಗೆ ನಾವೇ ಹೇಳಿಕೊಳ್ಳಲು ಯಾಕೋ ನಾಚಿಕೆ.

ಚಿಕ್ಕಪುಟ್ಟ ತಕರಾರುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ತೆರೆದಾಗ ಏನೂ ಅರ್ಥವಾಗುವುದಿಲ್ಲ, ಡೆಕ್ ಯಾವುದು, ನೋಟ್ ಯಾವುದು, ಕಾರ್ಡ್ ಯಾವುದು ಅಂತ ತಿಳಿಯಲು ಒಂದು ಸಂಜೆ ಬೇಕು. ಹಾಸ್ಟೆಲ್ ವೈಫೈನಲ್ಲಿ ಚಿತ್ರಗಳು ಸಿಂಕ್ ಆಗಲು ಜೀವ ತಿನ್ನುತ್ತದೆ. ಫೋನು ಮತ್ತು ಲ್ಯಾಪ್‌ಟಾಪ್ ಒಂದಕ್ಕೊಂದು ಹೊಂದದಿದ್ದಾಗ ಅಪ್‌ಲೋಡ್ ಮಾಡಲಾ ಡೌನ್‌ಲೋಡ್ ಮಾಡಲಾ ಅಂತ ಕೇಳುತ್ತದೆ. ಅಲ್ಲಿ ಅವಸರಪಟ್ಟು ಒತ್ತಿದರೆ ಒಂದು ಕಡೆಯ ಕೆಲಸ ಅಳಿಸಿಹೋಗುತ್ತದೆ, ಹಾಗಾಗಿ ನಿಧಾನ. ಯಾವುದರಲ್ಲಿ ಕಡೆಯದಾಗಿ ಓದಿದ್ದೀರೋ ಅದರಿಂದ ಅಪ್‌ಲೋಡ್. ಒಳ್ಳೆಯದು ಅಂದರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅಗ್ಗದ ಫೋನಿನಲ್ಲೂ ನಡೆಯುತ್ತದೆ. ಬೇಸ್‌ಮೆಂಟ್‌ನಲ್ಲಿರುವ ರೇಡಿಯಾಲಜಿ ಡಿಪಾರ್ಟ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ.

ಡ್ಯೂ ಸಾವಿರ ದಾಟಿದವರಿಗೆ: ಹೊಸ ಕಾರ್ಡ್ ಸೊನ್ನೆ ಮಾಡಿ. ರಿವ್ಯೂ ಮಿತಿ ದಿನಕ್ಕೆ 150ಕ್ಕೋ 200ಕ್ಕೋ ಇಳಿಸಿ, ಅಷ್ಟು ಮುಗಿದ ಮೇಲೆ ಮುಚ್ಚಿಡಿ. ಬಾಕಿ ಎಷ್ಟಿದೆ ಅಂತ ನೋಡಲೇಬೇಡಿ. ಪಾಸಾದ ಸಬ್ಜೆಕ್ಟ್‌ಗಳಲ್ಲಿ ಇನ್ನು ಬೇಕಿಲ್ಲದ ಕಾರ್ಡ್‌ಗಳನ್ನು ಸಸ್ಪೆಂಡ್ ಮಾಡಿ. ಅಳಿಸುವುದು ಬೇಡ, ಪಿಜಿ ಓದಿಗೆ ಬೇಕಾಗಬಹುದು. ಕೆಲವು ವಾರದಲ್ಲಿ ರಾಶಿ ಕರಗುತ್ತದೆ, ಕರಗದಿದ್ದರೂ ನಿಮ್ಮ ನಿದ್ದೆ ಉಳಿಯುತ್ತದೆ.

ಹೊಸದಾಗಿ ಶುರು ಮಾಡುವವರು ಒಂದೇ ಸಬ್ಜೆಕ್ಟ್ ಹಿಡಿಯಿರಿ. ಫಾರ್ಮಕಾಲಜಿ ಅಥವಾ ಮೈಕ್ರೋಬಯಾಲಜಿ ಒಳ್ಳೆಯದು, ಯಾಕೆಂದರೆ ಅಲ್ಲಿ ಹೆಸರುಗಳೇ ಜಾಸ್ತಿ. ದಿನಕ್ಕೆ 10 ಹೊಸ ಕಾರ್ಡ್ ಸಾಕು. ಅವತ್ತಿನ ಕ್ಲಾಸ್ ಅರ್ಥವಾದ ಮೇಲೆ ನೀವೇ ಬರೆದದ್ದಾಗಿರಲಿ. ಪರೀಕ್ಷೆಗೆ ಇನ್ನು ಮೂರು ವಾರ ಇದೆ ಅನ್ನುವವರು ಮಾತ್ರ ದಯವಿಟ್ಟು ಈಗ ಇದನ್ನು ಇಳಿಸಿಕೊಳ್ಳಬೇಡಿ, ಸೆಟ್ಟಿಂಗ್ಸ್ ನೋಡುವುದರಲ್ಲೇ ಎರಡು ದಿನ ಹೋಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ಬರೆಯಲು ಕೂರಿ. ಆಂಕಿ ಮುಂದಿನ ಟರ್ಮ್‌ಗೆ ಇರಲಿ.